ಗ್ರ್ಯಾಂಡ್‌ಮಾಸ್ಟರ್ ಆಗುವ ದಾರಿ: ರೇಟಿಂಗ್, ನಾರ್ಮ್, ಟೂರ್ನಿ, ದುಡ್ಡು

ಮಗು ಜಿಲ್ಲಾ ಮಟ್ಟದ ಚೆಸ್ ಟೂರ್ನಿಯಲ್ಲಿ ಕಪ್ ಹಿಡಿದು ಮನೆಗೆ ಬಂದ ದಿನವೇ ‘ಗ್ರ್ಯಾಂಡ್‌ಮಾಸ್ಟರ್’ ಎಂಬ ಮಾತು ಮನೆಯಲ್ಲಿ ಓಡಾಡತೊಡಗುತ್ತದೆ. ಆ ಪದವಿಗೆ ನಿಖರವಾಗಿ ಏನು ಬೇಕು, ಅದನ್ನು ಯಾರು ಕೊಡುತ್ತಾರೆ, ಎಷ್ಟು ಪಂದ್ಯ, ಎಂಥ ಎದುರಾಳಿ, ಎಷ್ಟು ಪಾಯಿಂಟ್ ಎಂದು ಕೇಳಿದರೆ ಮಾತ್ರ ಬಹಳಷ್ಟು ಮನೆಗಳಲ್ಲಿ ಉತ್ತರವಿಲ್ಲ. ಐದಾರು ವರ್ಷ ಸಿಕ್ಕ ಸಿಕ್ಕ ಟೂರ್ನಿ ಆಡಿ, ದುಡ್ಡೂ ಉತ್ಸಾಹವೂ ಖರ್ಚಾದ ಮೇಲೆ ಈ ಲೆಕ್ಕ ಕಣ್ಣಿಗೆ ಬೀಳುತ್ತದೆ. ಪ್ರತಿಭೆ ಇದ್ದವರು ದಾರಿಯಲ್ಲಿ ನಿಂತುಹೋಗಲು ಕಾರಣ ಹೆಚ್ಚಿನ ಸಲ ಇದೇ: ಯಾವ ಟೂರ್ನಿ ಆಡಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ತಪ್ಪಿರುತ್ತದೆ. ಹಾಗಾಗಿ ಲೆಕ್ಕದಿಂದಲೇ ಆರಂಭಿಸೋಣ.

ಪದವಿಗೆ ಏನೇನು ಬೇಕು

ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಡುವುದು ಅಂತರರಾಷ್ಟ್ರೀಯ ಚೆಸ್ ಸಂಸ್ಥೆಯಾದ ಫಿಡೆ. ಎರಡು ಷರತ್ತುಗಳಿವೆ. ಒಂದು, ಕ್ಲಾಸಿಕಲ್ (ದೀರ್ಘ ಸಮಯದ ಪಂದ್ಯಗಳ) ರೇಟಿಂಗ್, ಅಂದರೆ ಆಟಗಾರರ ಬಲ ಅಳೆಯುವ ಫಿಡೆ ಅಂಕ, ಒಮ್ಮೆಯಾದರೂ 2500 ಮುಟ್ಟಬೇಕು. ತಿಂಗಳ ಪಟ್ಟಿಯಲ್ಲೇ 2500 ಅಚ್ಚಾಗಬೇಕೆಂದಿಲ್ಲ. ಟೂರ್ನಿಯ ನಡುವೆ ಲೆಕ್ಕ ಹಾಕಿದಾಗ ಆ ಗಡಿ ದಾಟಿದ್ದರೂ ಸಾಕು, ಮುಂದಿನ ಎರಡು ಪಂದ್ಯ ಸೋತು ಕೆಳಗಿಳಿದರೂ ಷರತ್ತು ಪೂರೈಸಿದಂತೆಯೇ. ಎರಡು, ಒಟ್ಟು ಕನಿಷ್ಠ 27 ಪಂದ್ಯಗಳನ್ನು ಒಳಗೊಂಡ ಗ್ರ್ಯಾಂಡ್‌ಮಾಸ್ಟರ್ ನಾರ್ಮ್‌ಗಳು. ಒಂದು ಟೂರ್ನಿಯಲ್ಲಿ ಸಾಮಾನ್ಯವಾಗಿ 9 ಸುತ್ತು ಇರುವುದರಿಂದ ಇದನ್ನೇ ‘ಮೂರು ನಾರ್ಮ್’ ಎನ್ನುತ್ತಾರೆ.

ನಾರ್ಮ್ ಎಂದರೆ ಒಂದು ಟೂರ್ನಿಯಲ್ಲಿ 2600 ರೇಟಿಂಗ್ ಇರುವವರಂತೆ ಆಡಿ ತೋರಿಸುವುದು. ಅದಕ್ಕೂ ಉಪಷರತ್ತುಗಳಿವೆ. 9 ಪಂದ್ಯಗಳಲ್ಲಿ ಕನಿಷ್ಠ 3 ಎದುರಾಳಿಗಳು ಗ್ರ್ಯಾಂಡ್‌ಮಾಸ್ಟರ್ ಆಗಿರಬೇಕು. ಒಟ್ಟು ಎದುರಾಳಿಗಳಲ್ಲಿ ಅರ್ಧದಷ್ಟಾದರೂ, ಅಂದರೆ 5 ಜನ, (ಕ್ಯಾಂಡಿಡೇಟ್ ಮಾಸ್ಟರ್ ಬಿಟ್ಟು) ಫಿಡೆ ಪದವಿ ಇರುವವರಾಗಿರಬೇಕು. ನಮ್ಮ ದೇಶದವರು ಐದರಲ್ಲಿ ಮೂರು ಪಾಲು ಮೀರಬಾರದು, ಅಂದರೆ 9ರಲ್ಲಿ 5 ಜನ ಭಾರತೀಯರವರೆಗೆ ನಡೆಯುತ್ತದೆ, ಆರನೆಯವರು ಬಂದರೆ ನಾರ್ಮ್ ಕೆಡುತ್ತದೆ. ಎದುರಾಳಿಗಳ ಸರಾಸರಿ ರೇಟಿಂಗ್ 2380ಕ್ಕಿಂತ ಕಡಿಮೆ ಇರಬಾರದು. ಸ್ವಿಸ್ ಪದ್ಧತಿಯ (ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಸಮಾನ ಪಾಯಿಂಟ್ ಇರುವವರನ್ನು ಎದುರುಬದುರು ಹಾಕುವ) ದೊಡ್ಡ ಟೂರ್ನಿಗೆ ಒಂದು ವಿನಾಯಿತಿ ಉಂಟು: ಆತಿಥೇಯ ದೇಶದವರಲ್ಲದ, ಕನಿಷ್ಠ ಮೂರು ದೇಶಗಳ 20 ರೇಟೆಡ್ ಆಟಗಾರರು ಅಲ್ಲಿದ್ದು, ಅವರಲ್ಲಿ 10 ಮಂದಿಗೆ ಗ್ರ್ಯಾಂಡ್‌ಮಾಸ್ಟರ್ ಅಥವಾ ಅದರ ಕೆಳಗಿನ ಇಂಟರ್‌ನ್ಯಾಷನಲ್ ಮಾಸ್ಟರ್ ದರ್ಜೆಯ (ಮಹಿಳಾ ಪದವಿಗಳೂ ಸೇರಿ) ಪದವಿ ಇದ್ದರೆ ವಿದೇಶಿ ಎದುರಾಳಿಗಳ ಷರತ್ತು ಸಡಿಲವಾಗುತ್ತದೆ. ನಮ್ಮ ದೊಡ್ಡ ಓಪನ್ ಟೂರ್ನಿಗಳಲ್ಲಿ ಭಾರತೀಯರನ್ನೇ ಹೆಚ್ಚಾಗಿ ಎದುರಿಸಿಯೂ ನಾರ್ಮ್ ಸಿಗುವುದು ಇದರಿಂದ. ಆದರೆ ಮೂರರಲ್ಲಿ ಕನಿಷ್ಠ ಒಂದು ನಾರ್ಮ್ ವಿನಾಯಿತಿ ಇಲ್ಲದೆ ಬಂದಿರಬೇಕು.

ನೇರ ದಾರಿಯೂ ಇದೆ. ಕೆಲವು ವಿಶ್ವ ಮಟ್ಟದ ಮತ್ತು ಖಂಡ ಮಟ್ಟದ ಸ್ಪರ್ಧೆಗಳನ್ನು ಗೆದ್ದವರಿಗೆ ಪದವಿ ನೇರವಾಗಿ ಸಿಗುತ್ತದೆ. 2025ರ ಜುಲೈನಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್ ಗೆದ್ದ ದಿವ್ಯಾ ದೇಶಮುಖ್ ಹೀಗೆಯೇ ದೇಶದ 88ನೇ ಗ್ರ್ಯಾಂಡ್‌ಮಾಸ್ಟರ್ ಆದರು. ಅದನ್ನು ನಂಬಿ ಯೋಜನೆ ಹಾಕುವಂತಿಲ್ಲ, ಬಂದರೆ ಬಂತು.

ಪದವಿಗೆ ವಯಸ್ಸಿನ ಮಿತಿ ಇಲ್ಲ, ಒಮ್ಮೆ ಬಂದರೆ ಜೀವನಪರ್ಯಂತ. ಗುಕೇಶ್ 12 ವರ್ಷ 7 ತಿಂಗಳಿಗೆ ಪಡೆದದ್ದು ಎಲ್ಲರಿಗೂ ಗೊತ್ತು. ನಮ್ಮ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ವರ್ಷಗಟ್ಟಲೆ ಇಂಟರ್‌ನ್ಯಾಷನಲ್ ಮಾಸ್ಟರ್ ಆಗಿದ್ದು, ರೈಲ್ವೆಯಲ್ಲಿ ಕೆಲಸ ಮಾಡಿಕೊಂಡೇ 2017ರಲ್ಲಿ ದೇಶದ 50ನೇ, ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಹದಿನೆಂಟು ತುಂಬಿತು, ಇನ್ನು ಆಗದು ಎಂದು ಬೋರ್ಡ್ ಮಡಚುವವರು ಈ ಉದಾಹರಣೆಯನ್ನು ಮರೆಯಬಾರದು.

ನೋಂದಣಿ, ಮೊದಲ ರೇಟಿಂಗ್

ಮೊದಲು ರಾಜ್ಯ ಸಂಸ್ಥೆ ಮತ್ತು ಅಖಿಲ ಭಾರತ ಚೆಸ್ ಫೆಡರೇಷನ್‌ನಲ್ಲಿ (ಎಐಸಿಎಫ್) ಹೆಸರು ನೋಂದಾಯಿಸಿ. ಫಿಡೆ ಐಡಿ ಫೆಡರೇಷನ್ ಮೂಲಕವೇ ಬರುತ್ತದೆ. ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಫಿಡೆ ಐಡಿ ಮೂರರಲ್ಲೂ ಹೆಸರಿನ ಅಕ್ಷರ, ಇನಿಷಿಯಲ್, ಹುಟ್ಟಿದ ದಿನ ಒಂದೇ ಇರುವಂತೆ ಈಗಲೇ ನೋಡಿಕೊಳ್ಳಿ. ಇನಿಷಿಯಲ್ ಬಿಡಿಸಿ ಬರೆಯುವ ವಿಷಯದಲ್ಲಿ ನಮ್ಮ ಕಡೆಯವರಿಗೆ ತೊಂದರೆ ಆಗುವುದು ಸಾಮಾನ್ಯ. ವೀಸಾ ಅರ್ಜಿ ಹಾಕುವಾಗ ಅದು ದೊಡ್ಡದಾಗುತ್ತದೆ.

ಮೊದಲ ರೇಟಿಂಗ್‌ಗೆ ರೇಟೆಡ್ ಎದುರಾಳಿಗಳ ವಿರುದ್ಧ 5 ಪಂದ್ಯ ಬೇಕು. ಅವು ಒಂದೇ ಟೂರ್ನಿಯಲ್ಲಿ ಬರಬೇಕಿಲ್ಲ. 2024ರ ಮಾರ್ಚ್‌ನಿಂದ ಕನಿಷ್ಠ ರೇಟಿಂಗ್ 1400. ಅದೇ ವೇಳೆ ಫಿಡೆ 2000ಕ್ಕಿಂತ ಕೆಳಗಿದ್ದವರ ರೇಟಿಂಗ್ ಅನ್ನು ಒಂದು ಬಾರಿ ಮೇಲೆತ್ತಿತು. 1500 ಇದ್ದವರು 1700ಕ್ಕೆ ಬಂದರು. ಹಳೆಯ ಪಟ್ಟಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ‘ಮಗು ಎಷ್ಟು ಬೇಗ ಏರಿತು’ ಎಂದು ಹಿಗ್ಗುವ ಮೊದಲು ಈ ಏರಿಕೆಯನ್ನು ಕಳೆದು ನೋಡಿ.

ರೇಟಿಂಗ್ ಏರುವ, ಇಳಿಯುವ ಲೆಕ್ಕ

ಇಬ್ಬರ ರೇಟಿಂಗ್ ಅಂತರದಿಂದ ಬರಬೇಕಾದ ಪಾಯಿಂಟ್ ತಿಳಿಯುತ್ತದೆ. 100 ಅಂತರ ಇದ್ದರೆ ಮೇಲಿನವರಿಂದ 0.64, 200 ಇದ್ದರೆ 0.76, 300 ಇದ್ದರೆ 0.85 ನಿರೀಕ್ಷೆ. ನೀವು ಗಳಿಸಿದ ಪಾಯಿಂಟ್‌ನಿಂದ ನಿರೀಕ್ಷೆಯನ್ನು ಕಳೆದು, ಉಳಿದದ್ದನ್ನು ಕೆ ಎಂಬ ಸಂಖ್ಯೆಯಿಂದ ಗುಣಿಸಿದರೆ ರೇಟಿಂಗ್ ಬದಲಾವಣೆ ಸಿಗುತ್ತದೆ. ಹೊಸಬರಿಗೆ ಮೊದಲ 30 ಪಂದ್ಯದವರೆಗೆ ಕೆ 40. ಹದಿನೆಂಟು ತುಂಬುವ ವರ್ಷದ ಕೊನೆಯವರೆಗೆ, 2300ರ ಕೆಳಗಿದ್ದರೆ, ಆಗಲೂ 40. ಉಳಿದವರಿಗೆ 20. 2400 ಒಮ್ಮೆ ಪಟ್ಟಿಯಲ್ಲಿ ಬಂದರೆ 10, ಆಮೇಲೆ ಕೆಳಗಿಳಿದರೂ 10ರಲ್ಲೇ ಉಳಿಯುತ್ತದೆ.

ಈ ಕೊನೆಯ ಸಾಲನ್ನು ಎರಡು ಸಲ ಓದಿ. ಹದಿಮೂರರ ಹುಡುಗ 2200ರಲ್ಲಿದ್ದು ನಿರೀಕ್ಷೆಗಿಂತ ಒಂದು ಪಾಯಿಂಟ್ ಹೆಚ್ಚು ತಂದರೆ 40 ಏರುತ್ತದೆ. 2400ರ ಆಟಗಾರ ಅದೇ ಒಂದು ಪಾಯಿಂಟ್‌ಗೆ 10 ಮಾತ್ರ ಪಡೆಯುತ್ತಾನೆ. 2400ರಿಂದ 2500ಕ್ಕೆ ಹೋಗಲು ಒಟ್ಟಾರೆ ನಿರೀಕ್ಷೆಗಿಂತ 10 ಪೂರ್ಣ ಪಾಯಿಂಟ್ ಹೆಚ್ಚು ಗಳಿಸಬೇಕು. ಈ ನೂರು ಪಾಯಿಂಟ್‌ನಲ್ಲಿ ವರ್ಷಗಳು ಕಳೆಯುವುದಕ್ಕೆ ಇದೇ ಕಾರಣ. ಸಾಧ್ಯವಾದರೆ ಕೆ 40 ಇರುವ ವಯಸ್ಸಿನಲ್ಲೇ 2300ರ ಹತ್ತಿರ ಬರುವುದು ಜಾಣತನ. ಆದರೆ ಆ ಆಸೆಗೆ ಒಂದೇ ತಿಂಗಳಲ್ಲಿ ಮೂರು ಟೂರ್ನಿ ತುರುಕಬೇಡಿ. ಒಂದು ಅವಧಿಯಲ್ಲಿ ಕೆ ಮತ್ತು ಪಂದ್ಯಗಳ ಗುಣಲಬ್ಧ 700 ಮೀರುವಂತಿಲ್ಲ. 20 ಪಂದ್ಯ ಆಡಿದರೆ ಕೆ ತಾನಾಗಿ 35ಕ್ಕೆ ಇಳಿಯುತ್ತದೆ, ದಣಿವು ಬೇರೆ.

ಇನ್ನೊಂದು ಲೆಕ್ಕ. 2400ರ ಆಟಗಾರ 2100ರ ಮಗುವಿನ ಎದುರು ಡ್ರಾ ಮಾಡಿಕೊಂಡರೆ 3.5 ಕಳೆದುಕೊಳ್ಳುತ್ತಾನೆ. 2500ರ ಗ್ರ್ಯಾಂಡ್‌ಮಾಸ್ಟರ್ ಎದುರು ಡ್ರಾ ಮಾಡಿದರೆ ಬರುವುದು 1.4. ಅಂದರೆ ಒಂದು ಮಗುವಿನ ಎದುರಿನ ಡ್ರಾ ತುಂಬಿಕೊಳ್ಳಲು ಗ್ರ್ಯಾಂಡ್‌ಮಾಸ್ಟರ್‌ಗಳ ಎದುರು ಎರಡೂವರೆ ಡ್ರಾ ಬೇಕು. ಭಾರತದ ಓಪನ್ ಟೂರ್ನಿಗಳಲ್ಲಿ ರೇಟಿಂಗ್‌ಗಿಂತ ಬಹಳ ಮುಂದೆ ಹೋಗಿರುವ ಮಕ್ಕಳು ಬೋರ್ಡ್ ಬೋರ್ಡಿಗೂ ಸಿಗುತ್ತಾರೆ. 2350ರಿಂದ 2450ರ ನಡುವಿನವರು ಅವುಗಳನ್ನು ಸಾಲಾಗಿ ಆಡಿದರೆ ರೇಟಿಂಗ್ ಸೋರುತ್ತಲೇ ಇರುತ್ತದೆ.

ಅಭ್ಯಾಸ: ಎಲ್ಲಿ ಸಮಯ ಹಾಕಬೇಕು

ಟ್ಯಾಕ್ಟಿಕ್ಸ್‌ಗೆ (ಕೆಲವೇ ನಡೆಗಳಲ್ಲಿ ಲಾಭ ತರುವ ಹೊಂಚುಗಳಿಗೆ) ದಿನಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಕು, ಆದರೆ ತಪ್ಪಿಸಬಾರದು. ಮೊಬೈಲ್‌ನಲ್ಲಿ ಹತ್ತು ಸೆಕೆಂಡಿಗೊಂದು ಪಜಲ್ ಒತ್ತುವುದು ಆಟದ ಚುರುಕಿಗೆ ಒಳ್ಳೆಯದು, ಲೆಕ್ಕದ ಆಳಕ್ಕೆ ಸಾಲದು. ಕಷ್ಟದ ನಾಲ್ಕು ಪೊಸಿಷನ್ ತೆಗೆದುಕೊಳ್ಳಿ, ಮರದ ಬೋರ್ಡ್ ಮೇಲೆ ಜೋಡಿಸಿ, ಕಾಯಿ ಮುಟ್ಟದೆ ತಲಾ 15 ನಿಮಿಷ ಯೋಚಿಸಿ, ಕಂಡ ಸಾಲುಗಳನ್ನು ಪೂರ್ತಿ ನೋಟ್‌ಬುಕ್‌ನಲ್ಲಿ ಬರೆದ ಮೇಲೆ ಉತ್ತರ ನೋಡಿ. ಬರೆಯುವುದು ಯಾಕೆಂದರೆ, ಉತ್ತರ ನೋಡಿದ ಮೇಲೆ ‘ಇದು ನನಗೂ ಕಂಡಿತ್ತು’ ಎಂದು ಮನಸ್ಸು ತನ್ನನ್ನೇ ನಂಬಿಸಿಕೊಳ್ಳುತ್ತದೆ. ಕಾಗದ ಹಾಗೆ ಮಾಡಲು ಬಿಡುವುದಿಲ್ಲ.

ಇದಕ್ಕಿಂತ ದೊಡ್ಡ ಕೆಲಸ ತನ್ನದೇ ಪಂದ್ಯಗಳ ವಿಶ್ಲೇಷಣೆ. ಒಂದು ಕ್ಲಾಸಿಕಲ್ ಪಂದ್ಯಕ್ಕೆ ಎರಡರಿಂದ ಮೂರು ಗಂಟೆ ಬೇಕು. ಕ್ರಮ ಹೀಗಿರಲಿ.

1. ಪಂದ್ಯ ಮುಗಿದ ದಿನವೇ ಸ್ಕೋರ್‌ಶೀಟ್‌ನಿಂದ ನಡೆಗಳನ್ನು ಹಾಕಿ, ಪ್ರತಿ ಮುಖ್ಯ ತಿರುವಿನಲ್ಲೂ ಆ ಹೊತ್ತಿನಲ್ಲಿ ಏನು ಯೋಚಿಸಿದ್ದಿರಿ, ಗಡಿಯಾರದಲ್ಲಿ ಎಷ್ಟು ಉಳಿದಿತ್ತು ಎಂದು ಬರೆಯಿರಿ. ಮರುದಿನಕ್ಕೆ ನೆನಪು ಅರ್ಧ ಹೋಗಿರುತ್ತದೆ.
2. ಎಂಜಿನ್ (ನಡೆ ಲೆಕ್ಕ ಹಾಕುವ ಚೆಸ್ ಸಾಫ್ಟ್‌ವೇರ್) ಆಫ್ ಇಟ್ಟು, ಎಲ್ಲಿ ಕೈತಪ್ಪಿತು ಎಂದು ನೀವೇ ಹುಡುಕಿ. ಬೇರೆ ನಡೆ ಯಾವುದಿತ್ತು ಎಂದು ಸಾಲು ಬರೆಯಿರಿ.
3. ಆಮೇಲೆ ಸ್ಟಾಕ್‌ಫಿಶ್ ಎಂಬ ಎಂಜಿನ್ ಹಾಕಿ. ನಿಮ್ಮ ಅಭಿಪ್ರಾಯ ಮತ್ತು ಎಂಜಿನ್‌ನದು ಬೇರೆಯಾದ ಕಡೆ ಮಾತ್ರ ನಿಂತು, ‘ಯಾಕೆ’ ಎನ್ನುವುದಕ್ಕೆ ಒಂದು ವಾಕ್ಯ ಬರೆಯಿರಿ.
4. ತಪ್ಪಿಗೆ ಹೆಸರಿಡಿ: ಲೆಕ್ಕ ತಪ್ಪು, ಸಮಯದ ಕೊರತೆ, ಓಪನಿಂಗ್ ಮರೆವು, ಎಂಡ್‌ಗೇಮ್ ತಿಳಿವಿಲ್ಲ, ಗೆದ್ದೆನೆಂಬ ಸಡಿಲ. 30 ಪಂದ್ಯ ಆದ ಮೇಲೆ ಎಣಿಸಿ. ಮುಂದಿನ ಮೂರು ತಿಂಗಳು ಏನು ಕಲಿಯಬೇಕು ಎಂಬುದನ್ನು ಆ ಎಣಿಕೆಯೇ ಹೇಳುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಮೊದಲ ಕ್ಷಣದಿಂದಲೇ ಎಂಜಿನ್ ಹಚ್ಚಿ ಪ್ಲಸ್ ಮೈನಸ್ ನೋಡಿ ಲ್ಯಾಪ್‌ಟಾಪ್ ಮುಚ್ಚುವುದು. ಎಂಜಿನ್ ಸರಿಯಾದ ನಡೆಯನ್ನು ತೋರಿಸುತ್ತದೆ, ನಿಮಗೆ ಅದು ಯಾಕೆ ಕಾಣಲಿಲ್ಲ ಎಂಬುದನ್ನು ತೋರಿಸುವುದಿಲ್ಲ. ಅದನ್ನು ಹುಡುಕಿಕೊಡುವುದು ಒಳ್ಳೆಯ ಕೋಚ್‌ನ ಕೆಲಸ. 2000ದ ತನಕ ನಿಯಮಿತವಾಗಿ ಹೇಳಿಕೊಡುವ ಸ್ಥಳೀಯ ಕೋಚ್ ಸಾಕು. 2300ರ ನಂತರ ಗ್ರ್ಯಾಂಡ್‌ಮಾಸ್ಟರ್ ಒಬ್ಬರ ಜತೆ ತಿಂಗಳಿಗೆ ಆರೆಂಟು ಗಂಟೆ ತೆಗೆದುಕೊಂಡು, ಮೇಲಿನ ನೋಟ್‌ಬುಕ್ ಮುಂದಿಟ್ಟು ಕೂತರೆ ಆ ದುಡ್ಡಿಗೆ ಬೆಲೆ ಸಿಗುತ್ತದೆ. ಖಾಲಿ ಕೈಯಲ್ಲಿ ಹೋಗಿ ‘ಏನಾದರೂ ಹೇಳಿಕೊಡಿ’ ಎಂದರೆ ಸಿಗುವುದಿಲ್ಲ.

ಓಪನಿಂಗ್‌ನಲ್ಲಿ ಬಿಳಿಗೆ ಒಂದು ಮುಖ್ಯ ವ್ಯವಸ್ಥೆ, ಕಪ್ಪಿಗೆ ಬಿಳಿಯ ಮೊದಲ ನಡೆ ಇ4 ಆದರೆ ಒಂದು, ಡಿ4 ಆದರೆ ಒಂದು, ಇವುಗಳನ್ನು ಆಳವಾಗಿ ತಿಳಿದರೆ 2300ರವರೆಗೆ ನಡೆಯುತ್ತದೆ. ಅಲ್ಲಿಂದ ಮೇಲೆ ಪ್ರತಿಯೊಂದಕ್ಕೂ ಎರಡನೆಯ ಆಯ್ಕೆ ಬೇಕೇ ಬೇಕು. ನಿಮ್ಮ ಪಂದ್ಯಗಳೆಲ್ಲ ಡೇಟಾಬೇಸ್‌ನಲ್ಲಿರುತ್ತವೆ, ಎದುರಾಳಿ ನಿಮ್ಮನ್ನು ಓದಿಕೊಂಡೇ ಬರುತ್ತಾನೆ.

ಎಂಡ್‌ಗೇಮ್‌ನಲ್ಲಿ ರೂಕ್ ಎಂಡಿಂಗ್‌ಗಳಿಗೆ ಅರ್ಧ ಸಮಯ ಕೊಡಿ. ಬೋರ್ಡ್ ಮೇಲೆ ಹೆಚ್ಚು ಸಲ ಬರುವುದು ಅವೇ. ಲುಸೆನಾ, ಫಿಲಿಡೋರ್, ವಾಂಚುರಾ ಎಂಬ ಮೂರು ಸ್ಥಿತಿಗಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ಲುಸೆನಾ ಹೀಗಿದೆ, ಬೋರ್ಡ್ ತೆಗೆದು ಜೋಡಿಸಿ: ಬಿಳಿ ರಾಜ ಜಿ8, ಪಾನ್ ಜಿ7, ರೂಕ್ ಎಫ್1. ಕಪ್ಪು ರಾಜ ಇ7, ರೂಕ್ ಎಚ್2. ನಡೆ ಬಿಳಿಯದು. ಪಾನ್ ರಾಣಿಯಾಗಲು ಒಂದೇ ಮನೆ, ಆದರೆ ರಾಜ ಅದರ ಮುಂದೆಯೇ ಸಿಕ್ಕಿಬಿದ್ದಿದ್ದಾನೆ. ಅವಸರಪಟ್ಟು ರಾಜನನ್ನು ಹೊರಗೆ ತಂದರೆ ಕಪ್ಪು ರೂಕ್ ಹಿಂದಿನಿಂದ ಚೆಕ್ ಮೇಲೆ ಚೆಕ್ ಕೊಡುತ್ತದೆ, ಮರೆ ಸಿಗುವುದಿಲ್ಲ. ಸರಿಯಾದ ನಡೆ ರೂಕ್ ಎಫ್4. ನೋಡಲು ಏನೂ ಮಾಡದ ನಡೆಯಂತೆ ಕಾಣುತ್ತದೆ. ಕಪ್ಪು ರೂಕ್ ಎಚ್1ಕ್ಕೆ ಸರಿದು ಕಾಯುತ್ತದೆ. ಈಗ ಬಿಳಿ ರೂಕ್ ಇ4 ಚೆಕ್, ಕಪ್ಪು ರಾಜ ಡಿ7. (ರಾಜ ಎಫ್6 ಆಡಿದರೆ ಬಿಳಿ ರಾಜ ಎಫ್8, ಪಾನ್ ರಾಣಿ.) ಮುಂದೆ ಬಿಳಿ ರಾಜ ಎಫ್7, ಕಪ್ಪು ರೂಕ್ ಎಫ್1 ಚೆಕ್. ರಾಜ ಜಿ6, ರೂಕ್ ಜಿ1 ಚೆಕ್. ರಾಜ ಎಫ್6, ರೂಕ್ ಎಫ್1 ಚೆಕ್. ರಾಜ ಜಿ5, ರೂಕ್ ಜಿ1 ಚೆಕ್. ಈಗ ಬಿಳಿ ರೂಕ್ ಜಿ4. ನಾಲ್ಕನೇ ಸಾಲಿನಲ್ಲಿ ಕಾದಿದ್ದ ರೂಕ್ ಚೆಕ್‌ಗೆ ಅಡ್ಡ ಬಂದು ನಿಂತಿತು, ಸೇತುವೆ ಕಟ್ಟಿತು, ಪಾನ್ ಇನ್ನು ನಿಲ್ಲುವುದಿಲ್ಲ. 70ನೇ ನಡೆಯಲ್ಲಿ, ಐದು ಗಂಟೆ ಕೂತ ದಣಿವಿನಲ್ಲಿ, ನಡೆಗೆ 30 ಸೆಕೆಂಡ್ ಮಾತ್ರ ಸಿಗುವಾಗ ಇದನ್ನು ಹೊಸದಾಗಿ ಕಂಡುಹಿಡಿಯಲು ಆಗುವುದಿಲ್ಲ. ಮೊದಲೇ ಬೆರಳಿಗೆ ಬಂದಿರಬೇಕು.

ಟೂರ್ನಿ ಆಯ್ಕೆ ಮತ್ತು ವರ್ಷದ ಕ್ಯಾಲೆಂಡರ್

ವರ್ಷಕ್ಕೆ 80ರಿಂದ 100 ಕ್ಲಾಸಿಕಲ್ ಪಂದ್ಯ, ಅಂದರೆ 9ರಿಂದ 11 ಟೂರ್ನಿ, ಬಹಳ ಆಟಗಾರರಿಗೆ ಸರಿಯಾದ ಪ್ರಮಾಣ. ಎರಡು ಟೂರ್ನಿ ಬೆನ್ನಿಗೆ ಬೆನ್ನು ಆಡಬಹುದು. ಮೂರನೆಯದರಲ್ಲಿ ಆಟ ಮಂಕಾಗುವುದು ಸ್ಕೋರ್‌ಶೀಟ್‌ನಲ್ಲೇ ಕಾಣುತ್ತದೆ. ಪ್ರತಿ ಎರಡು ಟೂರ್ನಿಯ ಆಚೆ ಮೂರು ವಾರ ಮನೆಯಲ್ಲಿ ಕೂತು ವಿಶ್ಲೇಷಣೆ ಮಾಡುವಂತೆ ಕ್ಯಾಲೆಂಡರ್ ಹಾಕಿ. ಪಿಯುಸಿ ಪರೀಕ್ಷೆ ಇರುವ ವರ್ಷ ಇದನ್ನು ಜೂನ್‌ನಲ್ಲೇ ಕಾಲೇಜಿನ ವೇಳಾಪಟ್ಟಿಯ ಜತೆ ಇಟ್ಟು ನೋಡಬೇಕು.

2200ರವರೆಗೆ ದೇಶದೊಳಗಿನ ಓಪನ್, ರಾಜ್ಯ ಮತ್ತು ರಾಷ್ಟ್ರೀಯ ವಯೋಮಿತಿ ಟೂರ್ನಿಗಳು ಸಾಕು. ದೆಹಲಿ, ಭುವನೇಶ್ವರ, ಚೆನ್ನೈನಲ್ಲಿ ಬಲಿಷ್ಠ ಅಂತರರಾಷ್ಟ್ರೀಯ ಓಪನ್‌ಗಳು ನಡೆದಿವೆ, 2024ರ ಜನವರಿಯಲ್ಲಿ ಬೆಂಗಳೂರಿಗೂ ಗ್ರ್ಯಾಂಡ್‌ಮಾಸ್ಟರ್ಸ್ ಓಪನ್ ಬಂತು. 2350 ದಾಟಿದ ಮೇಲೆ ನಾರ್ಮ್‌ಗಾಗಿ ಹೊರಗೆ ಹೋಗಲೇಬೇಕಾಗುತ್ತದೆ. ಅಲ್ಲಿ ಎರಡು ಬಗೆ.

ಒಂದು, ದೊಡ್ಡ ಓಪನ್: ಸ್ವಿಟ್ಜರ್ಲೆಂಡಿನ ಬೀಲ್, ಐಸ್‌ಲೆಂಡಿನ ರೇಕ್ಯಾವಿಕ್, ಸ್ಪೇನಿನ ಸಿಟ್ಜಸ್, ನಮಗೆ ಹತ್ತಿರದ ದುಬೈ, ಶಾರ್ಜಾ. ಎದುರಾಳಿ ಯಾರೆಂದು ಮೊದಲೇ ಗೊತ್ತಿರುವುದಿಲ್ಲ. ಮೊದಲೆರಡು ಸುತ್ತಿನಲ್ಲಿ ಕಡಿಮೆ ರೇಟಿಂಗ್‌ನವರು ಸಿಕ್ಕಿ ಸರಾಸರಿ ಬೀಳಬಹುದು. ಹಾಗಾಗಿ ಬಲಿಷ್ಠರ ಎ ಗುಂಪಿಗೆ ರೇಟಿಂಗ್ ಮಿತಿ ಇರುವ ಓಪನ್ ಆರಿಸಿ. ಕಳೆದ ವರ್ಷದ ಪಟ್ಟಿ ತೆರೆದು, ನಿಮ್ಮ ರೇಟಿಂಗ್ ಇದ್ದವರು ಎಷ್ಟು ಗ್ರ್ಯಾಂಡ್‌ಮಾಸ್ಟರ್‌ಗಳನ್ನು ಎದುರಿಸಿದರು ಎಂದು ಎಣಿಸಿ. ಮೂರಕ್ಕಿಂತ ಕಡಿಮೆ ಇದ್ದರೆ ಆ ಟೂರ್ನಿ ನಾರ್ಮ್‌ಗೆ ತಕ್ಕದ್ದಲ್ಲ. ಈ ಅರ್ಧ ಗಂಟೆಯ ಕೆಲಸ ಒಂದು ವಿಮಾನ ಟಿಕೆಟ್ ಉಳಿಸುತ್ತದೆ.

ಇನ್ನೊಂದು, ಹತ್ತು ಜನರ ರೌಂಡ್ ರಾಬಿನ್, ಅಂದರೆ ಪ್ರತಿಯೊಬ್ಬರೂ ಉಳಿದ ಎಲ್ಲರೊಡನೆ ಆಡುವ ಟೂರ್ನಿ. ಹಂಗೆರಿಯ ಬುಡಾಪೆಸ್ಟ್ ಮತ್ತು ಸರ್ಬಿಯಾ ಇದಕ್ಕೆ ಹೆಸರಾದವು. ಎದುರಾಳಿಗಳು, ಸರಾಸರಿ, ಬೇಕಾದ ಪಾಯಿಂಟ್ ಎಲ್ಲವೂ ಮೊದಲ ದಿನವೇ ಗೊತ್ತು. ಮೂವರು ಗ್ರ್ಯಾಂಡ್‌ಮಾಸ್ಟರ್ ಖಚಿತ. ಆದರೆ ಸರಾಸರಿ ಕೆಳಮಟ್ಟದಲ್ಲಿರುವುದರಿಂದ 9ಕ್ಕೆ 6.5 ಅಥವಾ 7 ಬೇಕಾಗುತ್ತದೆ. ಶುರುವಿನಲ್ಲಿ ಎರಡು ಸೋತರೆ ಉಳಿದ ವಾರ ಖಾಲಿ. ತಯಾರಿ ಮಾಡುವುದರಲ್ಲಿ ಗಟ್ಟಿಗರು ಇದರಲ್ಲಿ ಚೆನ್ನಾಗಿ ಆಡುತ್ತಾರೆ, ಹೋರಾಟದ ಆಟದವರಿಗೆ ಓಪನ್ ಒಗ್ಗುತ್ತದೆ. ಬೆಂಗಳೂರಿನ ಪ್ರಣವ್ ಆನಂದ್ ಎರಡನ್ನೂ ಬಳಸಿಕೊಂಡರು: ಸಿಟ್ಜಸ್ ಓಪನ್, ಬುಡಾಪೆಸ್ಟ್‌ನ ರೌಂಡ್ ರಾಬಿನ್, ಬೀಲ್, ಹೀಗೆ ಮೂರು ನಾರ್ಮ್. 2022ರ ಸೆಪ್ಟೆಂಬರ್‌ನಲ್ಲಿ ರೊಮೇನಿಯಾದ ಮಮಾಯಾದಲ್ಲಿ 16ರೊಳಗಿನವರ ವಿಶ್ವ ಪಟ್ಟ ಗೆಲ್ಲುತ್ತಲೇ 2500 ದಾಟಿ ದೇಶದ 76ನೇ ಗ್ರ್ಯಾಂಡ್‌ಮಾಸ್ಟರ್.

ವೀಸಾದಲ್ಲಿ ಎಡವುವವರು ಬಹಳ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಹಂಗೆರಿ, ಸ್ಪೇನ್, ಸ್ವಿಟ್ಜರ್ಲೆಂಡ್ ಅದರೊಳಗೆ, ಸರ್ಬಿಯಾ ಹೊರಗೆ. ಬುಡಾಪೆಸ್ಟ್‌ನಿಂದ ಸರ್ಬಿಯಾಕ್ಕೆ ಹೋಗಿ ಮತ್ತೆ ಸ್ಪೇನಿಗೆ ಬರುವ ಯೋಜನೆ ಇದ್ದರೆ ಮಲ್ಟಿಪಲ್ ಎಂಟ್ರಿ ವೀಸಾನೇ ಬೇಕು. ಸಿಂಗಲ್ ಎಂಟ್ರಿ ಕೊಟ್ಟಿದ್ದನ್ನು ಗಮನಿಸದೆ ಹೊರಟರೆ ಎರಡನೇ ಟೂರ್ನಿಯ ಪ್ರವೇಶ ಶುಲ್ಕ, ಹೋಟೆಲ್ ಎಲ್ಲ ಹೋಗುತ್ತದೆ. ಸಂಘಟಕರಿಂದ ಆಹ್ವಾನ ಪತ್ರವನ್ನು ಮೂರು ತಿಂಗಳ ಮುಂಚೆ ತರಿಸಿ. ಮಕ್ಕಳ ಜತೆ ತಂದೆ ತಾಯಿಯಲ್ಲಿ ಒಬ್ಬರೇ ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ನೋಟರಿ ಮಾಡಿಸಿಟ್ಟುಕೊಳ್ಳಿ.

ನಾರ್ಮ್ ಲೆಕ್ಕ, ಕಾಗದದ ಮೇಲೆ

ಕಾಗದ ಪೆನ್ನು ತೆಗೆದುಕೊಳ್ಳಿ. 9 ಸುತ್ತಿನಲ್ಲಿ ಎದುರಾಳಿಗಳ ಸರಾಸರಿ 2380ರಿಂದ 2433 ಇದ್ದರೆ 7 ಪಾಯಿಂಟ್, 2434ರಿಂದ 2474 ಇದ್ದರೆ 6.5, 2475ರಿಂದ 2519 ಇದ್ದರೆ 6, 2520ರಿಂದ 2556 ಇದ್ದರೆ 5.5 ಬೇಕು.

ಒಬ್ಬ ಆಟಗಾರ್ತಿಯ ಎದುರಾಳಿಗಳು ಹೀಗಿದ್ದಾರೆ ಎನ್ನೋಣ: 2085, 2341, 2465, 2498, 2452, 2536, 2418, 2521, 2540. ಕೂಡಿದರೆ 21856, ಸರಾಸರಿ 2428. ಹಾಗಾದರೆ 7 ಪಾಯಿಂಟ್ ಬೇಕು. ಆದರೆ ನಿಯಮದಲ್ಲಿ ಒಂದು ಅನುಕೂಲವಿದೆ: ಅತಿ ಕಡಿಮೆ ರೇಟಿಂಗ್‌ನ ಒಬ್ಬ ಎದುರಾಳಿಯನ್ನು ಗ್ರ್ಯಾಂಡ್‌ಮಾಸ್ಟರ್ ನಾರ್ಮ್ ಲೆಕ್ಕಕ್ಕೆ 2200 ಎಂದು ಹಿಡಿಯಬಹುದು. 2085ರ ಜಾಗದಲ್ಲಿ 2200 ಹಾಕಿ: ಮೊತ್ತ 21971, ಸರಾಸರಿ 2441. ಈಗ 6.5 ಸಾಕು. ಈ ಅರ್ಧ ಪಾಯಿಂಟ್ ಕೊನೆಯ ಸುತ್ತಿನ ಆಟವನ್ನೇ ಬದಲಿಸುತ್ತದೆ. 8 ಸುತ್ತಿಗೆ 6 ಇದ್ದರೆ, 7 ಬೇಕೆಂದುಕೊಂಡವರು 2540ರ ಗ್ರ್ಯಾಂಡ್‌ಮಾಸ್ಟರ್ ಎದುರು ಗೆಲ್ಲಲು ಹೋಗಿ ಸೋತು ಬರುತ್ತಾರೆ. ಲೆಕ್ಕ ತಿಳಿದವರಿಗೆ ಡ್ರಾ ಸಾಕು.

7ನೇ ಸುತ್ತು ಮುಗಿದ ರಾತ್ರಿಯೇ ಈ ಲೆಕ್ಕವನ್ನು ಕೋಚ್ ಅಥವಾ ಜತೆಗಿರುವವರು ಮಾಡಿ, ಅರ್ಬಿಟರ್ (ಟೂರ್ನಿಯ ತೀರ್ಪುಗಾರ) ಬಳಿ ತಾಳೆ ನೋಡಲಿ. ಆಟಗಾರರೇ ಕೂತು ಲೆಕ್ಕ ಹಾಕುತ್ತ ನಿದ್ದೆ ಕೆಡಿಸಿಕೊಳ್ಳುವುದು ಬೇಡ. ಕೆಡುವ ಕಡೆಗಳು ಇವು: ಎಂಟು ಸುತ್ತಿನಲ್ಲಿ ಇಬ್ಬರೇ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು ಕೊನೆಯ ಸುತ್ತಿನಲ್ಲಿ ಇಂಟರ್‌ನ್ಯಾಷನಲ್ ಮಾಸ್ಟರ್ ಬರುವುದು. ಕೊನೆಯ ಎದುರಾಳಿ ತೀರ ಕಡಿಮೆ ರೇಟಿಂಗ್‌ನವರಾಗಿ, ಗೆದ್ದರೂ ಸರಾಸರಿ ಇಳಿಯುವುದು. ಎದುರಾಳಿ ಬಾರದೆ ವಾಕ್‌ಓವರ್ ಸಿಕ್ಕುವುದು, ಆಡದ ಪಂದ್ಯ ಲೆಕ್ಕಕ್ಕೆ ಬರುವುದಿಲ್ಲ. ಪೇರಿಂಗ್ (ಯಾರಿಗೆ ಯಾರು ಎದುರಾಳಿ ಎಂಬ ಜೋಡಿ) ಬದಲಿಸಿ ಎಂದು ಯಾರನ್ನೂ ಕೇಳುವಂತಿಲ್ಲ. ಕೊನೆಯ ಸುತ್ತಿನ ಮುಂಚೆ ಯಾರಾದರೂ ಬಂದು ‘ಡ್ರಾ ಮಾತಾಡೋಣ’ ಎಂದರೆ ಎದ್ದು ಬಂದುಬಿಡಿ. ಫಲಿತಾಂಶ ಮೊದಲೇ ನಿಗದಿ ಮಾಡಿಕೊಂಡದ್ದು ಸಾಬೀತಾದರೆ ನಾರ್ಮ್ ಹೋಗುತ್ತದೆ, ನಿಷೇಧ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ವರ್ಷಗಟ್ಟಲೆ ಬೆವರು ಸುರಿಸಿದ ಹೆಸರು ಕೆಡುತ್ತದೆ.

ಪಂದ್ಯದ ದಿನ

ಪೇರಿಂಗ್ ಬಂದ ಮೇಲೆ ಎದುರಾಳಿಯ ಕಳೆದ 30ರಿಂದ 40 ಪಂದ್ಯ ನೋಡಿ. ಯಾವ ಓಪನಿಂಗ್, ಎಲ್ಲಿ ಸಮಯ ಹಾಳು ಮಾಡುತ್ತಾರೆ, ಯಾವ ಬಗೆಯ ಸ್ಥಿತಿಯಲ್ಲಿ ಸೋಲುತ್ತಾರೆ ಎಂಬ ಮೂರು ವಿಷಯ ಸಾಕು. ಒಂದೂವರೆ ಗಂಟೆ ಮೀರಬೇಡಿ. ಬೆಳಿಗ್ಗೆ ಎದ್ದು ಹೊಸ ಓಪನಿಂಗ್ ಕಲಿತು ಮಧ್ಯಾಹ್ನ ಆಡುವುದು ಕೈಸುಡುವ ಕೆಲಸ: ಹತ್ತನೇ ನಡೆಯಲ್ಲಿ ಎದುರಾಳಿ ದಾರಿ ಬಿಟ್ಟರೆ ನಿಮಗೆ ಆ ಸ್ಥಿತಿಯ ಗುಣವೇ ಗೊತ್ತಿರುವುದಿಲ್ಲ.

ಸಾಮಾನ್ಯ ಸಮಯ ಮಿತಿ 90 ನಿಮಿಷ, ಮೊದಲ ನಡೆಯಿಂದ ನಡೆಗೆ 30 ಸೆಕೆಂಡ್. ಕೆಲವೆಡೆ 40 ನಡೆಯ ನಂತರ 30 ನಿಮಿಷ ಸೇರುತ್ತದೆ. 20ನೇ ನಡೆಗೆ ಗಡಿಯಾರದಲ್ಲಿ 45 ನಿಮಿಷಕ್ಕಿಂತ ಕಡಿಮೆ ಉಳಿದಿದ್ದರೆ ಎಚ್ಚರಿಕೆ ಎಂದುಕೊಳ್ಳಿ. ಪ್ರತಿ ಪಂದ್ಯದ ಈ ಸಂಖ್ಯೆಯನ್ನು ಬರೆದಿಟ್ಟರೆ ಟೈಮ್ ಟ್ರಬಲ್ ನಿಮ್ಮ ಚಾಳಿಯೋ ಅಪರೂಪವೋ ತಿಳಿಯುತ್ತದೆ. ಮುಟ್ಟಿದ ಕಾಯಿಯನ್ನೇ ನಡೆಸಬೇಕು. ನಡೆ ಬರೆದಿಟ್ಟು ಆಮೇಲೆ ಆಡುವಂತಿಲ್ಲ, ಆಡಿ ಬರೆಯಬೇಕು. ಜೇಬಿನಲ್ಲಿ ಮೊಬೈಲ್ ಸಿಕ್ಕರೆ, ಆಫ್ ಆಗಿದ್ದರೂ, ಪಂದ್ಯ ಹೋಗಬಹುದು. ಫೋನ್ ಮತ್ತು ಸ್ಮಾರ್ಟ್‌ವಾಚ್‌ಗಳನ್ನು ಹಾಲ್‌ಗೆ ತರಲೇಬೇಡಿ.

ನಾಲ್ಕೈದು ಗಂಟೆ ಕೂರಬೇಕಾದ್ದರಿಂದ ಮಧ್ಯಾಹ್ನದ ಊಟ ಪಂದ್ಯಕ್ಕೆ ಎರಡು ಗಂಟೆ ಮುಂಚೆ, ಹಗುರವಾಗಿ. ಬೋರ್ಡ್ ಬಳಿ ನೀರು, ಎರಡು ಬಾಳೆಹಣ್ಣು, ನಾಲ್ಕು ಖರ್ಜೂರ. ಯೂರೋಪಿಗೆ ಹೋಗುವ ನಮ್ಮವರು ಚಿಕ್ಕ ರೈಸ್ ಕುಕ್ಕರ್, ಅವಲಕ್ಕಿ, ಪುಳಿಯೋಗರೆ ಗೊಜ್ಜು ಒಯ್ಯುತ್ತಾರೆ. ಅದು ಬಾಯಿಚಪಲ ಅಲ್ಲ, ಹತ್ತು ದಿನ ಹೊಟ್ಟೆ ಸರಿಯಿದ್ದರೆ ತಲೆ ಸರಿಯಿರುತ್ತದೆ. ಸೋತ ಮಗುವಿಗೆ ಹಾಲ್‌ನ ಬಾಗಿಲಲ್ಲೇ ‘ಆ ನಡೆ ಯಾಕೆ ಆಡಿದೆ’ ಎಂದು ಕೇಳಬೇಡಿ. ಊಟ ಆಗಲಿ, ಮಲಗಲಿ. ಮರುದಿನ ಇನ್ನೊಂದು ಸುತ್ತಿದೆ.

ಕಾಗದಪತ್ರ

ನಾರ್ಮ್ ಬಂದರೆ ಟೂರ್ನಿ ನಡೆದ ಊರು ಬಿಡುವ ಮೊದಲು ಮುಖ್ಯ ಅರ್ಬಿಟರ್ ಸಹಿ ಮಾಡಿದ ನಾರ್ಮ್ ಪ್ರಮಾಣಪತ್ರ ಕೈಗೆ ತೆಗೆದುಕೊಳ್ಳಿ. ಫಿಡೆಯಲ್ಲಿ ಇದನ್ನು ಐಟಿ1 ನಮೂನೆ ಎನ್ನುತ್ತಾರೆ. ಹೆಸರು, ಫಿಡೆ ಐಡಿ, ಎದುರಾಳಿಗಳ ರೇಟಿಂಗ್, ದೇಶ, ಪದವಿ ಒಂದೊಂದನ್ನೂ ಅಲ್ಲೇ ನಿಂತು ಓದಿ. ತಪ್ಪಿದ್ದರೆ ಅಲ್ಲಿ ಐದು ನಿಮಿಷದಲ್ಲಿ ಸರಿಯಾಗುತ್ತದೆ, ಊರಿಗೆ ಬಂದ ಮೇಲೆ ತಿಂಗಳುಗಳು ಹಿಡಿಯುತ್ತವೆ. ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಮೂರು ನಾರ್ಮ್, 2500 ಎರಡೂ ಆದಾಗ ಎಐಸಿಎಫ್ ಮೂಲಕ ಪದವಿಗೆ ಅರ್ಜಿ ಹೋಗುತ್ತದೆ, ಫಿಡೆ ಪರಿಶೀಲಿಸಿ ಘೋಷಿಸುತ್ತದೆ. ನಿಯಮಗಳು ಆಗಾಗ ಬದಲಾಗುವುದರಿಂದ ಫಿಡೆ ಕೈಪಿಡಿಯ ಪದವಿ ನಿಯಮಗಳ ಭಾಗವನ್ನು ವರ್ಷಕ್ಕೊಮ್ಮೆ ಓದಿ.

ದುಡ್ಡು, ಮತ್ತು ಪದವಿಯ ಆಚೆ

ಖರ್ಚಿನ ದೊಡ್ಡ ಬಾಬ್ತು ವಿಮಾನ ಮತ್ತು ವಸತಿ, ಅದರ ಹಿಂದೆ ಕೋಚಿಂಗ್. ಸಾಫ್ಟ್‌ವೇರ್‌ಗೆ ಹೆಚ್ಚು ಹೋಗುವುದಿಲ್ಲ: ಸ್ಟಾಕ್‌ಫಿಶ್ ಉಚಿತ, ಆನ್‌ಲೈನ್ ಚೆಸ್ ತಾಣ ಲಿಚೆಸ್ ಉಚಿತ, ಪಂದ್ಯ ಹುಡುಕುವ ಸಾಫ್ಟ್‌ವೇರ್ ಚೆಸ್‌ಬೇಸ್ ಮತ್ತು ಒಂದು ಡೇಟಾಬೇಸ್ 2200ರ ನಂತರ ಕೊಂಡರೆ ಸಾಕು. ಯೂರೋಪಿಗೆ ಒಂದೊಂದೇ ಟೂರ್ನಿಗೆ ಹಾರುವ ಬದಲು ಬೇಸಿಗೆಯಲ್ಲಿ ಐದಾರು ವಾರದ ಒಂದೇ ಪ್ರವಾಸ ಮಾಡಿ, ನಡುವೆ ನಾಲ್ಕು ದಿನ ಬಿಡುವಿಟ್ಟು ಮೂರು ಟೂರ್ನಿ ಆಡಿದರೆ ವಿಮಾನದ ಖರ್ಚು ಒಂದೇ. ಮೂವರು ಆಟಗಾರರು ಸೇರಿ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದರೆ ವಸತಿಯೂ ಮೂರು ಪಾಲು. ಬಹುಮಾನದ ಹಣದಲ್ಲಿ ತೆರಿಗೆ ಕಡಿತವಾಗುತ್ತದೆ. ದೇಶದೊಳಗಾದರೆ ಟಿಡಿಎಸ್ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ.

ಹದಿನೆಂಟರ ನಂತರ ಕ್ರೀಡಾ ಕೋಟಾದ ಕೆಲಸ ದೊಡ್ಡ ಆಸರೆ. ರೈಲ್ವೆ ಮತ್ತು ಸಾರ್ವಜನಿಕ ವಲಯದ ತೈಲ ಕಂಪನಿಗಳು ಚೆಸ್ ಆಟಗಾರರನ್ನು ತೆಗೆದುಕೊಂಡಿವೆ. ಅರ್ಜಿಗೆ ಬೇಕಾಗುವುದು ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಸ್ಪರ್ಧೆಗಳ ಪ್ರಮಾಣಪತ್ರ. ಹತ್ತನೇ ವಯಸ್ಸಿನಿಂದಲೇ ಪ್ರತಿ ಪ್ರಮಾಣಪತ್ರವನ್ನೂ ಒಂದು ಫೈಲ್‌ನಲ್ಲಿ ಇಡಿ.

ಪದವಿ ಬಂದ ಮೇಲೆ ವಿದೇಶದ ಹಲವು ಓಪನ್‌ಗಳಲ್ಲಿ ಪ್ರವೇಶ ಶುಲ್ಕ ಇರುವುದಿಲ್ಲ, ಊಟ ವಸತಿ ಸಂಘಟಕರದು, ಬಲ ನೋಡಿ ಭಾಗವಹಿಸುವ ಶುಲ್ಕವೂ ಸಿಗುತ್ತದೆ. ಇದನ್ನೇ ‘ಕಂಡಿಷನ್ಸ್’ ಎನ್ನುವುದು. ಆದರೆ ವಿಶ್ವನಾಥನ್ ಆನಂದ್ 1988ರಲ್ಲಿ ಒಬ್ಬರೇ ಗ್ರ್ಯಾಂಡ್‌ಮಾಸ್ಟರ್ ಆಗಿದ್ದ ದೇಶದಲ್ಲಿ ಈಗ ಎಂಬತ್ತೆಂಟಕ್ಕೂ ಹೆಚ್ಚು ಜನರಿದ್ದಾರೆ. 2500ರ ಆಸುಪಾಸಿನಲ್ಲೇ ನಿಂತವರಿಗೆ ಸಂಘಟಕರು ಮೊದಲಿನಂತೆ ಕೈತುಂಬ ಕೊಡುವುದಿಲ್ಲ. 2600 ಮುಂದಿನ ಮೆಟ್ಟಿಲು. ಜರ್ಮನಿಯ ಬುಂಡೆಸ್‌ಲೀಗಾ, ಫ್ರಾನ್ಸ್ ಮತ್ತು ಸ್ಪೇನಿನ ಕ್ಲಬ್ ಲೀಗ್‌ಗಳಲ್ಲಿ ಪಂದ್ಯಕ್ಕಿಷ್ಟು ಎಂದು ಸಂಭಾವನೆ ಸಿಗುತ್ತದೆ. ಒಪ್ಪಂದವನ್ನು ಲಿಖಿತವಾಗಿ ಮಾಡಿಕೊಳ್ಳಿ, ಪ್ರಯಾಣ ಖರ್ಚು ಯಾರದು ಎಂಬ ಸಾಲು ಅದರಲ್ಲಿರಲಿ.

ಬಹಳಷ್ಟು ಗ್ರ್ಯಾಂಡ್‌ಮಾಸ್ಟರ್‌ಗಳ ನಿಯಮಿತ ಆದಾಯ ಬರುವುದು ಕೋಚಿಂಗ್‌ನಿಂದ. ಆಟ ಮತ್ತು ಕೋಚಿಂಗ್ ಎರಡನ್ನೂ ಒಟ್ಟಿಗೆ ನಡೆಸುವವರು ವಾರದಲ್ಲಿ ಮೂರು ದಿನ ಪಾಠ, ಉಳಿದ ದಿನ ಸ್ವಂತ ಅಭ್ಯಾಸ ಎಂದು ಗೆರೆ ಎಳೆಯಬೇಕು, ಟೂರ್ನಿಗೆ ಹತ್ತು ದಿನ ಮುಂಚೆ ಪಾಠ ಪೂರ್ತಿ ನಿಲ್ಲಿಸಬೇಕು. ದಿನವಿಡೀ 1500ರ ಮಟ್ಟದ ಪೊಸಿಷನ್ ವಿವರಿಸಿದ ತಲೆ ಸಂಜೆ 2600ರ ಎದುರಾಳಿಯ ಮುಂದೆ ಕೂತಾಗ ಮೂರನೇ ನಡೆಯಾಚೆ ಲೆಕ್ಕ ಹಾಕಲು ಒಪ್ಪುವುದಿಲ್ಲ. ಫಿಡೆ ಟ್ರೇನರ್ ಕೋರ್ಸ್ ಮಾಡಿ ಪ್ರಮಾಣಪತ್ರ ಪಡೆದಿಟ್ಟುಕೊಂಡರೆ ಅಕಾಡೆಮಿಗಳಲ್ಲೂ ಶಾಲೆಗಳಲ್ಲೂ ಸಂಬಳ ಮಾತಾಡುವಾಗ ಕೈ ಬಲವಾಗಿರುತ್ತದೆ.